ಐದನೇ ಅಂಕ ಬಿಡಬೇಡಿ

ಕೇಳುಗರಿಗೆ ನಮಸ್ಕಾರ. ಇವತ್ತು ನಾನು ನಿಮ್ಮನ್ನ ಕೇಳಿಕೊಳ್ಳೋದು ಒಂದೇ. ಇಟಲಿಯ ಸಂಗೀತಗಾರ ಮೊಂಟೆವೆರ್ಡಿಯ ‘ಓರ್ಫೆಯೊ’ ಆಪೆರಾ, ಅಂದ್ರೆ ಹಾಡಿನಲ್ಲೇ ನಡೆಯೋ ನಾಟಕ, ನೋಡೋಕೆ ಕೂತರೆ ಐದನೇ ಅಂಕ ಮುಗಿಯೋ ತನಕ ಏಳಬೇಡಿ. ಬಾರ್ಸಿಲೋನಾದ ಲಿಸೆಉ ರಂಗಮಂದಿರದಲ್ಲಿ 2002ರಲ್ಲಿ ಜೊರ್ದಿ ಸವಾಲ್ ಸಂಗೀತ ನಿರ್ದೇಶನದ ಪ್ರಯೋಗವನ್ನ ಚಿತ್ರೀಕರಿಸಿದ್ದಾರೆ. ಅದನ್ನೇ ನೋಡಿ.

ಗ್ರೀಕ್ ಪುರಾಣದ ಕಥೆ. ಹಾವು ಕಚ್ಚಿ ಸತ್ತ ಹೆಂಡತಿ ಯೂರಿಡೀಚೆಗಾಗಿ ಗಾಯಕ ಓರ್ಫೆಯೊ ಪಾತಾಳಕ್ಕಿಳಿದು ಹಾಡ್ತಾನೆ. ಅವಳನ್ನ ಬಿಡಿಸಿಕೊಂಡು ಬರುವಾಗ, ತಿರುಗಿ ನೋಡಬಾರದು ಅನ್ನೋ ಷರತ್ತು ಮುರಿದು ಮತ್ತೆ ಕಳಕೊಳ್ತಾನೆ. ಇದು ನಾಲ್ಕನೇ ಅಂಕ. ಕಥೆ ಮುಗೀತು ಅಂತ ಕೆಲವರು ಇಲ್ಲೇ ಎದ್ದುಬಿಡ್ತಾರೆ. ಮಂಗಳ ಹಾಡೋ ಮುಂಚೆ ಎದ್ದು ಹೋದ ಹಾಗೆ!

ಐದನೇ ಅಂಕದ ಹಿಂದೊಂದು ಸ್ವಾರಸ್ಯ ಇದೆ, ಹೇಳಲೇಬೇಕು. 1607ರ ಫೆಬ್ರವರಿ 24, ಇಟಲಿಯ ಮಾಂಟುವಾ, ಗೊನ್ಜಾಗಾ ದೊರೆಗಳ ಅರಮನೆ. ಆಪೆರಾದ ಮೊದಲ ಪ್ರಯೋಗ. ಹಿಂದಿನ ದಿನ ಕಾರ್ಲೊ ಮಾನ್ಯೊ ಅನ್ನೋ ಆಸ್ಥಾನದ ಅಧಿಕಾರಿ ರೋಮಿನಲ್ಲಿದ್ದ ತನ್ನ ಸಹೋದರನಿಗೆ ಕಾಗದ ಬರೀತಾನೆ: ನಾಳೆಯ ನಾಟಕ ವಿಶೇಷದ್ದು, ಪಾತ್ರಗಳೆಲ್ಲ ಮಾತನ್ನೇ ಹಾಡ್ತಾರಂತೆ! ಪ್ರೇಕ್ಷಕರು ಓದಿಕೊಳ್ಳಲಿ ಅಂತ ಅಲೆಸ್ಸಾಂಡ್ರೊ ಸ್ಟ್ರಿಜ್ಜೊ ಬರೆದ ಸಾಹಿತ್ಯವನ್ನ ಅಚ್ಚು ಹಾಕಿಸಿದ್ರು. ಆ ಪುಸ್ತಕದ ಕೊನೆಯಲ್ಲಿ ಮದ್ಯದ ದೇವರು ಬಾಕಸ್‌ನ ರೊಚ್ಚಿಗೆದ್ದ ಭಕ್ತೆಯರು ನುಗ್ಗಿಬರ್ತಾರೆ, ಓರ್ಫೆಯೊ ಓಡಿಹೋಗ್ತಾನೆ. ಆದರೆ 1609ರಲ್ಲಿ ಸ್ವರಲಿಪಿ ಅಚ್ಚಾದಾಗ ಆ ಹೆಂಗಸರ ಸುಳಿವೇ ಇಲ್ಲ! ಮೋಡದ ಮೇಲೆ ಹಾಡ್ತಾ ಓರ್ಫೆಯೊನ ಅಪ್ಪ, ಅಪೊಲೊ ದೇವರು, ಇಳಿದು ಬಂದು ಮಗನನ್ನ ಸ್ವರ್ಗಕ್ಕೆ ಕರೀತಾನೆ. ನಮಗೆ ಉಳಿದಿರೋ ಸಂಗೀತ ಇದೇ.

ಇದನ್ನ ಸುಖಾಂತ್ಯ, ತೇಪೆ ಹಾಕಿದ ಕೊನೆ ಅಂತಾರೆ ಕೆಲವರು. ಅವರನ್ನ ಕೇಳ್ತೀನಿ, ಯೂರಿಡೀಚೆ ಎಲ್ಲಿ? ಅವಳು ವಾಪಸ್ ಬರೋದೇ ಇಲ್ಲ. ‘ಅವಳನ್ನ ಇನ್ನು ನೋಡೋದೇ ಇಲ್ವಾ?’ ಅಂತ ಓರ್ಫೆಯೊ ಕೇಳಿದ್ರೆ, ಸೂರ್ಯನಲ್ಲಿ, ನಕ್ಷತ್ರಗಳಲ್ಲಿ ಅವಳ ಚೆಲುವು ಕಾಣುತ್ತೆ ಅಂತಾನೆ ಅಪೊಲೊ. ಅಷ್ಟೇ. ದಯವಿಟ್ಟು ಆ ಪ್ರಶ್ನೆ ಕೇಳಿಸಿಕೊಳ್ಳಿ.

ಅದಕ್ಕೆ ಸ್ವಲ್ಪ ಮೊದಲು ಓರ್ಫೆಯೊ ಒಬ್ಬನೇ ಅಳ್ತಾ ಇರ್ತಾನೆ. ಪ್ರತಿಧ್ವನಿ ಅವನ ಮಾತಿನ ಬಾಲವನ್ನಷ್ಟೇ ಹಿಂದಿರುಗಿಸುತ್ತೆ. ಈಗ ಅಪೊಲೊ ದನಿ ಸೇರಿಸಿದಾಗ ಅವನಿಗೆ ಕೊನೆಗೂ ಪೂರ್ತಿ ಉತ್ತರ ಸಿಗುತ್ತೆ. ಹಾಡ್ತಾ ಸ್ವರ್ಗಕ್ಕೇರೋಣ ಅಂತ ಇಬ್ಬರೂ ಒಬ್ಬರ ಸ್ವರವನ್ನೊಬ್ಬರು ಅಟ್ಟಿಸಿಕೊಂಡು ಹೋಗ್ತಾರೆ. ಅದಕ್ಕೇ ಹೇಳೋದು, ಏಳಬೇಡಿ!

ಹೊತ್ತಾಯ್ತು ಅಂತ ಸನ್ನೆ ಬಂತು. ಆಮೇಲೊಂದು ಮೇಳಗಾನ, ಅದರ ಬೆನ್ನಿಗೇ ಮೋರೆಸ್ಕಾ ಅನ್ನೋ ಕುಣಿತ. ಅದರ ಲಯದ ಬಗ್ಗೆ ಹೇಳೋದಿತ್ತು, ನೀವೇ ಕೇಳಿ. ನಮಸ್ಕಾರ.