ತೊಗಟೆ ಸುಲಿದರೂ ಬದುಕುವ ಮರ

ಎಲ್ಲರಿಗೂ ನಮಸ್ಕಾರ.

ಊರಿಂದ ಅಪ್ಪ ಅಮ್ಮ ವ್ಯಾಂಕೂವರಿಗೆ ಬಂದರೆ ನಾವೆಲ್ಲ ಮೊದಲು ಕರೆದುಕೊಂಡು ಹೋಗುವುದು ಸ್ಟಾನ್ಲಿ ಪಾರ್ಕಿಗೆ. ಬ್ರಾಕ್ಟನ್ ಪಾಯಿಂಟ್‌ನ ಟೋಟೆಮ್ ಕಂಬಗಳ, ಅಂದರೆ ಇಲ್ಲಿನ ಮೂಲನಿವಾಸಿಗಳು ಮರದಲ್ಲಿ ಕೆತ್ತಿದ ಎತ್ತರದ ಕಂಬಗಳ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೆಯುತ್ತೇವೆ. ಆ ಫೋಟೋ ಇಲ್ಲದವರು ಈ ಸಭೆಯಲ್ಲಿ ಕಡಿಮೆಯೇ ಇರಬೇಕು, ಅಲ್ವಾ?

1920ರ ದಶಕದಲ್ಲಿ ಅಲ್ಲಿ ತಂದು ನಿಲ್ಲಿಸಿದ ಮೊದಲ ಕಂಬಗಳು ಈ ನೆಲದ್ದಲ್ಲ. ಉತ್ತರದ ಅಲರ್ಟ್ ಬೇಯಿಂದ ತರಿಸಿದ್ದು, ಕ್ವಾಕ್ವಕವಕ್ವ ಜನರದ್ದು. ವ್ಯಾಂಕೂವರ್ ನಿಂತಿರುವುದು ಮಸ್ಕ್ವಿಯಮ್, ಸ್ಕ್ವಾಮಿಶ್, ಸ್ಲೇವಾಟೂತ್ ಜನರ ನೆಲದಲ್ಲಿ. ಪಾರ್ಕಿನೊಳಗೇ ಅವರ ಹಳ್ಳಿ ಇತ್ತು. ಪಾರ್ಕ್ ಆದ ಮೇಲೆ ಅಲ್ಲಿದ್ದ ಕುಟುಂಬಗಳನ್ನು ಎಬ್ಬಿಸಿದರು. ಮನೆ ಇದ್ದವರನ್ನು ಕಳಿಸಿ, ದೂರದವರ ಕಂಬಗಳನ್ನು ನೋಡುವುದಕ್ಕೆ ಇಟ್ಟರು. 2008ರಲ್ಲಿ ಮಸ್ಕ್ವಿಯಮ್ ಕಲಾವಿದೆ ಸೂಸನ್ ಪಾಯಿಂಟ್ ಅವರ ಮೂರು ಕೆತ್ತನೆಯ ಬಾಗಿಲುಗಳು ಅಲ್ಲಿಗೆ ಬಂದವು. ಮುಂದಿನ ಸಲ ಹೋದಾಗ ಅವುಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ.

ಇವತ್ತು ನಾನು ಕಂಬಕ್ಕಿಂತ ಜಾಸ್ತಿ ಮಾತಾಡುವುದು ಮರದ ಬಗ್ಗೆ. ಈ ಕಲೆ ಉಳಿಯುತ್ತದಾ ಇಲ್ಲವಾ ಅನ್ನೋದು ಕಾಡಿನಲ್ಲಿ ತೀರ್ಮಾನ ಆಗುತ್ತದೆ ಅಂತ ನಾನು ನಂಬಿದ್ದೇನೆ.

ಕೆಂಪು ಸೀಡರ್. ನಮ್ಮ ಹಿಮಾಲಯದ ದೇವದಾರು ಬೇರೆ ಜಾತಿ. ಈ ಮರ ಅಲಾಸ್ಕಾದ ದಕ್ಷಿಣದಿಂದ ಕ್ಯಾಲಿಫೋರ್ನಿಯಾದ ಉತ್ತರದವರೆಗೆ, ಮಳೆ ಜಾಸ್ತಿ ಬೀಳುವ ಕರಾವಳಿಯಲ್ಲಿ ಬೆಳೆಯುತ್ತದೆ. ಸಾವಿರ ವರ್ಷ ಬದುಕಿದ ಮರಗಳೂ ಇವೆ. ಇದರ ಚೇಗಿನಲ್ಲಿ ಶಿಲೀಂಧ್ರವನ್ನು ತಡೆಯುವ ಎಣ್ಣೆ ಅಂಶ ಇದೆ. ಅದಕ್ಕೇ ಇಷ್ಟು ಮಳೆಯಲ್ಲೂ ಬೇಗ ಕೊಳೆಯುವುದಿಲ್ಲ. ಎಳೆ ನೇರ, ಹಗುರ, ಬೆಣೆ ಹೊಡೆದರೆ ಉದ್ದಕ್ಕೂ ಸೀಳುತ್ತದೆ. ಕಬ್ಬಿಣದ ಗರಗಸ ಇಲ್ಲದ ಕಾಲದಲ್ಲೂ ಜಿಂಕೆ ಕೊಂಬಿನ ಬೆಣೆ, ಯೂ ಮರದ ಬೆಣೆ ಇಟ್ಟುಕೊಂಡು ಹಲಗೆ ತೆಗೆಯುತ್ತಿದ್ದರು. ಎಷ್ಟೋ ಸಲ ಮರವನ್ನು ಉರುಳಿಸದೆ, ನಿಂತ ಮರದಿಂದಲೇ.

ತೊಗಟೆ ತೆಗೆಯುವ ರೀತಿಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವಸಂತ ಮುಗಿದು ಬೇಸಿಗೆ ಶುರುವಾಗುವ ಹೊತ್ತು. ಮರದಲ್ಲಿ ರಸ ಏರುತ್ತಿರುತ್ತದೆ, ತೊಗಟೆ ಸಡಿಲ ಆಗಿರುತ್ತದೆ. ಕೆಳಗಡೆ ಕೊಂಬೆ ಇಲ್ಲದ, ತಿರುಚಿಕೊಳ್ಳದ ಮರ ಹುಡುಕುತ್ತಾರೆ. ಮೊದಲು ಮರದ ಜೊತೆ ಮಾತಾಡಿ, ಯಾವುದಕ್ಕೆ ಬೇಕು ಅಂತ ಹೇಳಿ ಕೇಳಿಕೊಳ್ಳುತ್ತಾರೆ. ಆಮೇಲೆ ಬುಡದಲ್ಲಿ ಒಂದೆರಡು ಅಂಗೈ ಅಗಲಕ್ಕೆ ಅಡ್ಡ ಕಚ್ಚು ಹಾಕಿ, ತೊಗಟೆಯ ತುದಿಯನ್ನು ಎಬ್ಬಿಸಿ ಕೈಗೆ ಹಿಡಿಯುತ್ತಾರೆ. ಹಿಡಿದುಕೊಂಡು ಮರದಿಂದ ಹಿಂದೆ ಹಿಂದೆ ನಡೆಯುತ್ತಾ ಎಳೆಯಬೇಕು. ಪಟ್ಟಿ ಮೇಲಕ್ಕೆ ಸುಲಿಯುತ್ತಾ, ಕಿರಿದಾಗುತ್ತಾ ಹೋಗಿ ಕೊನೆಗೆ ಎತ್ತರದಲ್ಲಿ ಎಲ್ಲೋ ಕಳಚಿ ಬೀಳುತ್ತದೆ. ಹತ್ತು ಮೀಟರ್ ಉದ್ದದ ಪಟ್ಟಿಯೂ ಸಿಗುತ್ತದೆ.

ಒಂದು ಮರದಿಂದ ಒಂದೋ ಎರಡೋ ಪಟ್ಟಿ, ಅಷ್ಟೇ. ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಒಂದು ಕಡೆ ಮಾತ್ರ ಸುಲಿದರೆ ಗಾಯದ ಎರಡೂ ಅಂಚಿನಿಂದ ಮರ ಬೆಳೆದು ಒಳಗೆ ಮಡಚಿಕೊಳ್ಳುತ್ತದೆ, ಮತ್ತೆ ನೂರಾರು ವರ್ಷ ಬದುಕುತ್ತದೆ.

ಹೊರತೊಗಟೆಯನ್ನು ಅಲ್ಲೇ ಬಿಡಿಸಿಬಿಡುತ್ತಾರೆ. ಒಳತೊಗಟೆ ಹಸಿಯಾಗಿರುವಾಗ ತೊಗಲಿನ ಹಾಗೆ ಬಗ್ಗುತ್ತದೆ. ಅದನ್ನು ಮಡಚಿ ಕಟ್ಟಿ ಮನೆಗೆ ತಂದು ಒಣಗಿಸುತ್ತಾರೆ. ಸಾಮಾನ್ಯವಾಗಿ ಒಂದು ವರ್ಷ ಹಾಗೇ ಇಡುತ್ತಾರೆ. ಬೇಕಾದಾಗ ನೆನೆಸಿ, ಪದರ ಬಿಡಿಸಿ, ಒಂದೇ ಅಗಲದ ಪಟ್ಟಿಗಳಾಗಿ ಸೀಳುತ್ತಾರೆ. ಅದರಿಂದ ಚಾಪೆ, ಬುಟ್ಟಿ, ಟೋಪಿ ಆಗುತ್ತದೆ. ತಿಮಿಂಗಿಲದ ಮೂಳೆಯಲ್ಲಿ ಮಾಡಿದ ಕೊಡತಿಯಿಂದ ಬಡಿದರೆ ನಾರು ಮೆತ್ತಗಾಗುತ್ತದೆ. ಹಾಗೆ ಮೆತ್ತಗಾದ ನಾರಿನಲ್ಲಿ ಮೈಗೆ ಹೊದೆಯುವ ಬಟ್ಟೆ ನೇಯುತ್ತಿದ್ದರು, ಕೂಸಿನ ತೊಟ್ಟಿಲಿಗೂ ಹಾಸುತ್ತಿದ್ದರು. ಆಲ್ಡರ್ ಮರದ ತೊಗಟೆಯಲ್ಲಿ ಬಣ್ಣ ಕಟ್ಟಿದರೆ ಕೆಂಪಾಗುತ್ತದೆ. ಕ್ವಾಕ್ವಕವಕ್ವ ಜನರ ಚಳಿಗಾಲದ ಆಚರಣೆಗಳಲ್ಲಿ ತಲೆಗೆ, ಕೊರಳಿಗೆ ಹಾಕುವ ಸುತ್ತುಗಳು ಈ ಕೆಂಪು ನಾರಿನವೇ. ಮ್ಯೂಸಿಯಂನಲ್ಲಿ ನಾವು ಮುಖವಾಡ ನೋಡಿ ಮುಂದೆ ಹೋಗುತ್ತೇವೆ. ಕುಣಿಯುವವರಿಗೆ ಆ ನಾರು ಇಲ್ಲದೆ ಮುಖವಾಡ ಪೂರ್ತಿ ಅಲ್ಲ.

ಈ ನೇಯ್ಗೆ ಬಹುಪಾಲು ಹೆಂಗಸರ ಕೆಲಸ. ಅದಕ್ಕೇನೋ ಕಂಬ ಕೆತ್ತಿದವರಿಗೆ ಸಿಕ್ಕ ಹೆಸರು ಇವರಿಗೆ ಸಿಗಲಿಲ್ಲ. ಉತ್ತರದ ಹೈಡಾ ಗ್ವಾಯಿ ದ್ವೀಪಗಳ ಮೂಲನಿವಾಸಿಗಳಾದ ಹೈಡಾ ಜನರ ಕಲಾವಿದ ಚಾರ್ಲ್ಸ್ ಈಡನ್‌ಶಾ ಹೆಸರು ಪುಸ್ತಕಗಳಲ್ಲೆಲ್ಲ ಇದೆ. ಅವರು ಬಣ್ಣ ಹಾಕಿದ ಎಷ್ಟೋ ಟೋಪಿಗಳನ್ನು ಸ್ಪ್ರೂಸ್ ಮರದ ಬೇರಿನಿಂದ ಹೆಣೆದವರು ಅವರ ಹೆಂಡತಿ ಇಸಬೆಲಾ. ಟೋಪಿ ಇಬ್ಬರದ್ದು. ಹೇಳುವಾಗ ಒಂದೇ ಹೆಸರು ಹೇಳುವುದು ನನಗಂತೂ ಸರಿ ಕಾಣುವುದಿಲ್ಲ.

ಮರದ ಕೆಲಸದಲ್ಲಿ ನನಗೆ ಕಂಬಕ್ಕಿಂತ ಇಷ್ಟವಾದದ್ದು ಒಂದು ಪೆಟ್ಟಿಗೆ. ಒಂದೇ ಹಲಗೆ ತೆಗೆದುಕೊಂಡು ಅಡ್ಡಕ್ಕೆ ಮೂರು ಕಡೆ ಕಚ್ಚು ಕೊರೆಯುತ್ತಾರೆ. ಹಬೆ ಕೊಟ್ಟು ಬಗ್ಗಿಸಿದರೆ ಮೂರು ಮೂಲೆ ಸಿದ್ಧ. ನಾಲ್ಕನೇ ಮೂಲೆಯಲ್ಲಿ ಹಲಗೆಯ ಎರಡು ತುದಿ ಸೇರುತ್ತವೆ. ಅಲ್ಲಿ ಮರದ ಮೊಳೆ ಬಡಿಯುತ್ತಾರೆ, ಇಲ್ಲವೇ ಬೇರಿನಿಂದ ಹೊಲಿಯುತ್ತಾರೆ. ತಳಕ್ಕೆ ಇನ್ನೊಂದು ಹಲಗೆ ಬಿಗಿಯಾಗಿ ಕೂರಿಸುತ್ತಾರೆ. ನೀರು ಸೋರುವುದಿಲ್ಲ! ನೀರು ತುಂಬಿ ಕಾದ ಕಲ್ಲು ಹಾಕಿ ಅದರಲ್ಲೇ ಅಡುಗೆ ಮಾಡುತ್ತಿದ್ದರು. ದೋಣಿಗೂ ಇದೇ ವಿದ್ಯೆ. ದಿಮ್ಮಿಯನ್ನು ಬಾಚಿಯಿಂದ ಕೆತ್ತಿ ಟೊಳ್ಳು ಮಾಡಿ, ನೀರು ಸುರಿದು, ಕಾದ ಕಲ್ಲಿನ ಹಬೆಯಲ್ಲಿ ಎರಡೂ ಪಕ್ಕ ಹಿಗ್ಗಿಸುತ್ತಾರೆ. ಹೈಡಾ ಕಲಾವಿದ ಬಿಲ್ ರೀಡ್ 1986ರಲ್ಲಿ ವ್ಯಾಂಕೂವರಿನಲ್ಲಿ ನಡೆದ ವಿಶ್ವಮೇಳ ಎಕ್ಸ್‌ಪೋಗೆ ಮಾಡಿಸಿದ 'ಲೂ ತಾಸ್' ದೋಣಿ ಸುಮಾರು 15 ಮೀಟರ್ ಉದ್ದ. ಮರುವರ್ಷ ಅದನ್ನು ವ್ಯಾಂಕೂವರಿನಿಂದ ಹೈಡಾ ಗ್ವಾಯಿವರೆಗೆ ಹುಟ್ಟು ಹಾಕಿಕೊಂಡೇ ಹೋದರು.

ಇಂಥ ಕೈಗಳು ನಡುವೆ ಯಾಕೆ ಕಡಿಮೆಯಾದವು? ಮೊದಲು ಸಿಡುಬು. 1862ರಲ್ಲಿ ವಿಕ್ಟೋರಿಯಾದಿಂದ ಹಬ್ಬಿ ಕರಾವಳಿಯ ಹಳ್ಳಿಗಳನ್ನೇ ಖಾಲಿ ಮಾಡಿತು. ಹಿಂದೆಯೇ ಕಾನೂನು. ಮದುವೆ, ಸಾವು, ಹೆಸರಿಡುವುದು, ಕಂಬ ಎತ್ತುವುದು, ಎಲ್ಲಕ್ಕೂ ಊರು ಕರೆದು ಉಡುಗೊರೆ ಕೊಡುವ ಪಾಟ್ಲಾಚ್ ಅನ್ನು ಕೆನಡಾ ಸರ್ಕಾರ 1885ರಿಂದ 1951ರವರೆಗೆ ನಿಷೇಧಿಸಿತ್ತು. 1921ರಲ್ಲಿ ವಿಲೇಜ್ ಐಲೆಂಡ್‌ನಲ್ಲಿ ಡ್ಯಾನ್ ಕ್ರಾನ್ಮರ್ ಕೊಟ್ಟ ಪಾಟ್ಲಾಚ್‌ಗೆ ಹೋದವರ ಮೇಲೆ ಕೇಸ್ ಹಾಕಿದರು, ಹಲವರನ್ನು ಜೈಲಿಗೆ ಕಳಿಸಿದರು, ಮುಖವಾಡಗಳನ್ನು ಕಿತ್ತುಕೊಂಡು ಮ್ಯೂಸಿಯಂಗಳಿಗೆ ಹಂಚಿದರು. ಅದರಲ್ಲಿ ಬಹಳಷ್ಟು ವಾಪಸ್ ಬಂದು ಈಗ ಅಲರ್ಟ್ ಬೇಯ ಉಮಿಸ್ತಾ ಸಾಂಸ್ಕೃತಿಕ ಕೇಂದ್ರದಲ್ಲಿದೆ. ಅದು ಶುರುವಾದದ್ದು 1980ರಲ್ಲಿ.

ಕೆಲಸ ಮಾತ್ರ ಪೂರ್ತಿ ನಿಂತಿರಲಿಲ್ಲ. ಕ್ವಾಕ್ವಕವಕ್ವ ಕೆತ್ತನೆಗಾರ ಮಂಗೋ ಮಾರ್ಟಿನ್ 1953ರಲ್ಲಿ ವಿಕ್ಟೋರಿಯಾದ ಥಂಡರ್‌ಬರ್ಡ್ ಪಾರ್ಕಿನಲ್ಲಿ ದೊಡ್ಡ ಮನೆ ಕಟ್ಟಿ ಎಲ್ಲರ ಎದುರಿಗೇ ಪಾಟ್ಲಾಚ್ ಮಾಡಿದರು. 1969ರಲ್ಲಿ ಓಲ್ಡ್ ಮ್ಯಾಸೆಟ್‌ನಲ್ಲಿ ರಾಬರ್ಟ್ ಡೇವಿಡ್‌ಸನ್ ಒಂದು ಕಂಬ ಕೆತ್ತಿ ಎತ್ತಿದರು. ಆಗ ಅವರಿಗೆ 22 ವರ್ಷ. ಹೈಡಾ ಗ್ವಾಯಿಯಲ್ಲಿ ಸುಮಾರು 90 ವರ್ಷದಲ್ಲಿ ಎದ್ದ ಮೊದಲ ಕಂಬ ಅದು.

ಈಗ ಮತ್ತೆ ಆ ಸುಲಿದ ಮರದ ಗಾಯಕ್ಕೆ ಬರುತ್ತೇನೆ. 1984ರಲ್ಲಿ ವ್ಯಾಂಕೂವರ್ ದ್ವೀಪದ ಟೊಫಿನೋ ಊರಿನ ಪಕ್ಕದ ಮಿಯರ್ಸ್ ದ್ವೀಪದ ಕಾಡು ಕಡಿಯಲು ಮರದ ಕಂಪನಿ ಬಂತು. ನೂಚಾನುಲ್ತ್ ಜನ ದಾರಿಗೆ ಅಡ್ಡ ನಿಂತರು, ಕೋರ್ಟಿಗೂ ಹೋದರು. ಇದು ನಿಮ್ಮ ಕಾಡು ಅನ್ನುವುದಕ್ಕೆ ಏನು ದಾಖಲೆ? ಕಾಗದ ಎಲ್ಲಿಂದ ಬರಬೇಕು? ಆದರೆ ದ್ವೀಪದ ತುಂಬ ತೊಗಟೆ ಸುಲಿದ, ಹಲಗೆ ಸೀಳಿ ತೆಗೆದ ಸೀಡರ್ ಮರಗಳಿದ್ದವು. ಗಾಯದ ಅಂಚಿನಲ್ಲಿ ಬೆಳೆದ ಉಂಗುರ ಎಣಿಸಿದರೆ ಯಾವ ವರ್ಷ ಸುಲಿದದ್ದು ಅಂತ ಗೊತ್ತಾಗುತ್ತದೆ. 1985ರಲ್ಲಿ ಬ್ರಿಟಿಷ್ ಕೊಲಂಬಿಯಾದ ಮೇಲ್ಮನವಿ ಕೋರ್ಟ್ ಕಡಿತಕ್ಕೆ ತಡೆ ಕೊಟ್ಟಿತು. ದ್ವೀಪದ ಕಾಡು ಇವತ್ತಿಗೂ ನಿಂತಿದೆ. ಅಜ್ಜಿ, ಮುತ್ತಜ್ಜಿಯರು ಬುಟ್ಟಿಗೆ ಅಂತ ಎಳೆದ ಪಟ್ಟಿಗಳೇ ಸಾಕ್ಷಿಯಾದವು. 1846ಕ್ಕಿಂತ ಹಿಂದೆ ಹೀಗೆ ಗುರುತು ಬಿದ್ದ ಮರಗಳಿಗೆ ಈಗ ಪ್ರಾಂತ್ಯದ ಕಾನೂನಿನ ರಕ್ಷಣೆ ಇದೆ.

ಇಷ್ಟಾದರೂ ದೊಡ್ಡ ಮರ ಸಿಗುವುದು ಕಷ್ಟ ಆಗುತ್ತಿದೆ. ದೋಣಿಗೋ ಕಂಬಕ್ಕೋ ಗಂಟಿಲ್ಲದ, ಒಳಗೆ ಕೊಳೆಯದ, ಹಲವು ನೂರು ವರ್ಷ ಬೆಳೆದ ಮರ ಬೇಕು. ಒಂದು ಶತಮಾನದ ಕಡಿತದಲ್ಲಿ ಮೊದಲು ಹೋದದ್ದು ಅಂಥವೇ. ಹೈಡಾ ಗ್ವಾಯಿಯಲ್ಲಿ ಇನ್ನೊಂದು ತೊಂದರೆ. ಬಿಳಿಯರು ಬೇಟೆಗೆ ಅಂತ ತಂದುಬಿಟ್ಟ ಜಿಂಕೆಗಳು ಸೀಡರ್ ಸಸಿಗಳನ್ನು ಮೇದುಬಿಡುತ್ತವೆ. ಅವುಗಳನ್ನು ಹಿಡಿಯುವ ತೋಳ ಅಲ್ಲಿಲ್ಲ. ಇನ್ನೊಂದು ಜಾತಿಯ ಮರವಾದ ಹಳದಿ ಸೀಡರ್‌ಗೆ ಬೇರೆ ಕಷ್ಟ. ಚಳಿಗಾಲದಲ್ಲಿ ಹಿಮದ ಹೊದಿಕೆ ಕಡಿಮೆಯಾಗಿ ಬೇರು ಹೆಪ್ಪುಗಟ್ಟಿ ಮರ ಸಾಯುತ್ತಿದೆ. ಬೆಟ್ಟದ ಮೇಕೆಯ ಉಣ್ಣೆಯ ಜೊತೆ, ಆಚರಣೆಗಳಲ್ಲಿ ಹೊದೆಯುವ ಚಿಲ್ಕಾಟ್ ಹೊದಿಕೆಗೆ ಹೊಸೆಯುವುದು ಈ ಮರದ ನಾರನ್ನೇ.

ಹೈಡಾ ಜನ ಸುಮ್ನೆ ಕೂತಿಲ್ಲ. 2010ರಿಂದ ಹೈಡಾ ಗ್ವಾಯಿಯಲ್ಲಿ ಕಾಡು ಕಡಿಯುವ ಮೊದಲು ದೊಡ್ಡ ಸೀಡರ್‌ಗಳನ್ನು, ಹಳೆಯ ಗುರುತಿನ ಮರಗಳನ್ನು ಹುಡುಕಿ ಉಳಿಸಬೇಕು ಅನ್ನುವ ನಿಯಮ ಇದೆ. 2024ರಲ್ಲಿ ಆ ದ್ವೀಪಗಳ ಮೇಲೆ ಹೈಡಾ ಜನರ ಹಕ್ಕನ್ನು ಪ್ರಾಂತ್ಯದ ಸರ್ಕಾರ ಒಪ್ಪಿಕೊಂಡಿತು.

ನಮ್ಮ ಕೈಯಲ್ಲಿ ಆಗುವುದೂ ಒಂದಿಷ್ಟಿದೆ. ಸೀಡರ್ ಬುಟ್ಟಿಯೋ ಕೆತ್ತನೆಯೋ ಕೊಳ್ಳುವಾಗ ಮಾಡಿದವರ ಹೆಸರು, ಅವರ ಸಮುದಾಯ ಕೇಳಿ. ಅಂಗಡಿಯವರಿಗೆ ಹೇಳಲಾಗದಿದ್ದರೆ ಬಿಟ್ಟುಬನ್ನಿ. ಕಾಡಿನಲ್ಲಿ ಬುಡದಿಂದ ಮೇಲಕ್ಕೆ ಚೂಪಾಗುತ್ತಾ ಹೋಗುವ ಉದ್ದನೆಯ ಗಾಯದ ಮರ ಕಂಡರೆ ಮುಟ್ಟದೆ ನೋಡಿ, ಮಕ್ಕಳಿಗೆ ಅದೇನು ಅಂತ ಹೇಳಿ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ (ಯುಬಿಸಿ) ಮಾನವಶಾಸ್ತ್ರ ಮ್ಯೂಸಿಯಂಗೆ ಹೋದರೆ ಪೆಟ್ಟಿಗೆಗಳ ಹತ್ತಿರ ಬಗ್ಗಿ ನಿಂತು ಆ ನಾಲ್ಕನೇ ಮೂಲೆ ಯಾವುದು ಅಂತ ಹುಡುಕಿ.

ಈಗ ನಿಮ್ಮ ಪ್ರಶ್ನೆಗಳು.