ನಿಯಾಂಡರ್ತಾಲರು ಯಾಕೆ ಉಳಿಯಲಿಲ್ಲ?

ಶ್ರೋತೃಗಳಿಗೆ ನಮಸ್ಕಾರ.

1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ಸುಣ್ಣಕಲ್ಲು ಒಡೆಯುತ್ತಿದ್ದ ಕೆಲಸಗಾರರಿಗೆ ಒಂದು ಗುಹೆಯ ಮಣ್ಣಿನಲ್ಲಿ ಮೂಳೆಗಳು ಸಿಕ್ಕಿದವು. ಕರಡಿಯದಿರಬೇಕು ಅಂದುಕೊಂಡರು. ಯೋಹಾನ್ ಕಾರ್ಲ್ ಫೂಲ್‌ರಾಟ್ ಎಂಬ ಶಾಲಾ ಮೇಷ್ಟ್ರು ಮಾತ್ರ, ಇದು ಮನುಷ್ಯನದೇ ಮೂಳೆ, ಆದರೆ ನಮ್ಮ ಹಾಗಿನ ಮನುಷ್ಯನದಲ್ಲ ಎಂದು ಗುರುತಿಸಿದರು. ಯುರೋಪಿನಿಂದ ಸೈಬೀರಿಯದ ಅಲ್ಟಾಯ್ ಬೆಟ್ಟಗಳವರೆಗೆ ಲಕ್ಷಾಂತರ ವರ್ಷ ಬಾಳಿದ ಆ ಜನ, ಅಂದರೆ ನಿಯಾಂಡರ್ತಾಲರು, ಸುಮಾರು 40,000 ವರ್ಷಗಳ ಹಿಂದೆ ಇಲ್ಲವಾದರು. ಯಾಕೆ?

ಅವರು ದಡ್ಡರು, ನಾವು ಜಾಣರು, ಅದಕ್ಕೇ ನಾವು ಉಳಿದೆವು ಎಂಬ ಉತ್ತರ ಬಹಳ ಕಾಲ ಚಲಾವಣೆಯಲ್ಲಿತ್ತು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಅವರ ಮಿದುಳು ನಮ್ಮದಕ್ಕಿಂತ ಚಿಕ್ಕದಾಗಿರಲಿಲ್ಲ. ಮರದ ತೊಗಟೆಯಿಂದ ಅಂಟು ತೆಗೆದು ಕಲ್ಲಿನ ಅಲಗನ್ನು ಹಿಡಿಗೆ ಕೂಡಿಸುತ್ತಿದ್ದರು. ಇರಾಕಿನ ಶನಿದಾರ್ ಗುಹೆಯಲ್ಲಿ ಸಿಕ್ಕ ಒಬ್ಬನನ್ನೇ ನೋಡಿ: ಬಲಗೈ ಸೊರಗಿ ಕೆಲಸಕ್ಕೆ ಬಾರದಂತಾಗಿತ್ತು, ಎಡಗಣ್ಣಿನ ಸುತ್ತಲ ಎಲುಬು ಪೆಟ್ಟು ತಿಂದು ಜಜ್ಜಿಹೋಗಿತ್ತು. ಆ ಗಾಯಗಳೆಲ್ಲ ಮಾಯ್ದ ಮೇಲೂ ಆತ ವರ್ಷಗಟ್ಟಲೆ ಬದುಕಿದ್ದ. ಜೊತೆಯವರು ನೋಡಿಕೊಳ್ಳದೆ ಅದು ಹೇಗೆ ಸಾಧ್ಯ?

ಇನ್ನು ಚಳಿ. ಹಿಮಯುಗದ ಹವೆ ಆಗ ಪದೇ ಪದೇ ಏರುಪೇರಾಗುತ್ತಿತ್ತು, ನಿಜ. ಇಟಲಿಯ ನೇಪಲ್ಸ್ ಬಳಿ ಭಾರಿ ಜ್ವಾಲಾಮುಖಿ ಸಿಡಿದದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಆದರೆ ಅದಕ್ಕೂ ಹಿಂದಿನ ಕಡುಚಳಿಗಳನ್ನು ಈ ಜನ ದಾಟಿ ಬಂದಿದ್ದರಲ್ಲ! ಚಳಿಯೊಂದನ್ನೇ ಹೊಣೆ ಮಾಡಲು ಬರುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಅವರ ಸಂಖ್ಯೆ ಎಷ್ಟು ಕಡಿಮೆಯಿತ್ತು ಎನ್ನುವುದು. ಅಲ್ಟಾಯ್‌ನ ಡೆನಿಸೋವಾ ಗುಹೆಯಲ್ಲಿ ಒಬ್ಬ ಹೆಂಗಸಿನ ಕಾಲ್ಬೆರಳಿನ ಪುಟ್ಟ ಮೂಳೆ ಸಿಕ್ಕಿತು. ಅದರ ಡಿಎನ್‌ಎ ಓದಿದಾಗ, ಆಕೆಯ ಅಪ್ಪ ಅಮ್ಮ ಒಂದೇ ತಂದೆಗೆ ಅಥವಾ ಒಂದೇ ತಾಯಿಗೆ ಹುಟ್ಟಿದ ಅಣ್ಣತಂಗಿಯರಷ್ಟು ಹತ್ತಿರದ ರಕ್ತಸಂಬಂಧಿಗಳು ಎಂದು ತಿಳಿಯಿತು. ಸ್ಪೇನಿನ ಎಲ್ ಸಿದ್ರೋನ್ ಗುಹೆಯ ಮೂಳೆಗಳಲ್ಲಿ ಹುಟ್ಟಿನಿಂದಲೇ ಬಂದ ಊನಗಳು ಮತ್ತೆ ಮತ್ತೆ ಕಾಣುತ್ತವೆ; ಹತ್ತಿರದ ರಕ್ತಸಂಬಂಧದಲ್ಲೇ ಮಕ್ಕಳಾಗುತ್ತಿದ್ದುದರ ಗುರುತು ಇದು ಎನ್ನುತ್ತಾರೆ. ಫ್ರಾನ್ಸಿನ ಮಾಂದ್ರಾಂ ಗುಹೆಯಲ್ಲಿ ಸಿಕ್ಕ, 'ಥೋರಿನ್' ಎಂದು ಹೆಸರಿಟ್ಟ ವ್ಯಕ್ತಿಯ ಕುಲವಂತೂ ಇತರ ನಿಯಾಂಡರ್ತಾಲರೊಡನೆ ಸುಮಾರು 50,000 ವರ್ಷ ಬೆರೆತೇ ಇರಲಿಲ್ಲವಂತೆ. ಹಾಗೆಂದು 2024ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಬರಗಾಲ ಬಂದರೆ ನೆಂಟರ ಊರಿಗೆ ಹೋಗಿ ಜೀವ ಉಳಿಸಿಕೊಳ್ಳುವುದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಈ ಚದುರಿದ ಗುಂಪುಗಳಲ್ಲಿ ಎಷ್ಟಕ್ಕೆ ಅಂಥ ನೆಂಟರಿದ್ದರು? ಇಷ್ಟು ಸಣ್ಣ ಗುಂಪಿನಲ್ಲಿ ಒಂದೆರಡು ಬಾಣಂತಿ ಸಾವು, ಒಂದು ಬೇಟೆ ತಪ್ಪಿದ ಚಳಿಗಾಲ, ಸಾಲಾಗಿ ಹುಟ್ಟಿದ ಗಂಡುಮಕ್ಕಳು, ಇಷ್ಟೇ ಸಾಕು, ಗುಂಪು ಕರಗಿಹೋಗಲು. ನಮ್ಮ ಪೂರ್ವಿಕರು ಕಾಲಿಡದಿದ್ದರೂ ಅವರು ಅಳಿದುಹೋಗಬಹುದಿತ್ತು ಎಂದು 2019ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದವರು ತೋರಿಸಿದರು.

ಆದರೆ ನಮ್ಮ ಪೂರ್ವಿಕರು ಕಾಲಿಟ್ಟರು. ಅವರನ್ನು ಕೊಂದು ಮುಗಿಸಿದರು ಎನ್ನಲು ಸಾಮೂಹಿಕ ಹತ್ಯೆಯ ಕುರುಹು ಸಿಕ್ಕಿಲ್ಲ. ಆದರೆ ಇಬ್ಬರೂ ಬೇಟೆಯಾಡಿದ್ದು ಅದೇ ಹಿಮಸಾರಂಗ, ಅದೇ ಕುದುರೆಗಳನ್ನು. ನೆಲ ಒಂದೇ, ಉಣ್ಣುವ ಬಾಯಿ ಹೆಚ್ಚು. ಜೊತೆಗೆ ಕೂಡಾವಳಿಯೂ ನಡೆಯಿತು. ರೊಮೇನಿಯದ ಓಆಸೆ ಗುಹೆಯಲ್ಲಿ ಸಿಕ್ಕ ನಮ್ಮ ಪ್ರಭೇದದ ಮನುಷ್ಯನೊಬ್ಬನಿಗೆ ನಾಲ್ಕರಿಂದ ಆರು ತಲೆಮಾರಿನ ಹಿಂದೆ ನಿಯಾಂಡರ್ತಾಲ್ ಪೂರ್ವಿಕರಿದ್ದರು. ಹಾಗೆ ಹುಟ್ಟಿದ ಮಗು ನಮ್ಮವರ ಗುಂಪಿನಲ್ಲಿ ಬೆಳೆದರೆ ಅವರ ಗುಂಪಿಗೆ ಒಂದು ತಲೆ ಕಡಿಮೆ. ಮೊದಲೇ ಬೆರಳೆಣಿಕೆಯವರಿಗೆ ಇದು ಸಣ್ಣ ನಷ್ಟವಲ್ಲ. ಅವರ ಅಳಿವಿನ ಕಾರಣಗಳಲ್ಲಿ ಇದನ್ನೂ ಸೇರಿಸಬೇಕು ಎನ್ನುವುದು ನನ್ನ ಅನಿಸಿಕೆ.

2010ರಲ್ಲಿ ತಳಿವಿಜ್ಞಾನಿ ಸ್ವಾಂಟೆ ಪೇಬೊ ತಂಡ ನಿಯಾಂಡರ್ತಾಲರ ಜೀನೋಮ್, ಅಂದರೆ ಅವರ ಡಿಎನ್‌ಎ ನಕ್ಷೆ, ಪ್ರಕಟಿಸಿತು. ಆಫ್ರಿಕದ ಹೊರಗಿನವರಲ್ಲಿ ಒಂದೆರಡು ಶೇಕಡದಷ್ಟು ಡಿಎನ್‌ಎ ಅವರದು ಎಂದು ಈಗ ಗೊತ್ತಾಗಿದೆ. ಕನ್ನಡಿಗರಾದ ನಾವೂ ಅದರಿಂದ ಹೊರತಲ್ಲ. ಕೋವಿಡ್ ವರ್ಷದಲ್ಲೇ ಇದಕ್ಕೊಂದು ಕಟುವಾದ ಸಾಕ್ಷಿ ಸಿಕ್ಕಿತು. ಕಾಯಿಲೆ ಉಲ್ಬಣವಾಗುವ ಅಪಾಯ ಹೆಚ್ಚಿಸುವ ಒಂದು ವಂಶವಾಹಿ ತುಣುಕು ನಿಯಾಂಡರ್ತಾಲರಿಂದಲೇ ಬಂದದ್ದು, ದಕ್ಷಿಣ ಏಷ್ಯಾದ ಸುಮಾರು ಅರ್ಧದಷ್ಟು ಜನರಲ್ಲಿ ಅದಿದೆ ಎಂದು ಹ್ಯೂಗೊ ಜೆಬರ್ಗ್ ಮತ್ತು ಪೇಬೊ 2020ರಲ್ಲಿ ತೋರಿಸಿದರು. ಮರುವರ್ಷ ಅವರೇ ಇನ್ನೊಂದು ತುಣುಕನ್ನು ಗುರುತಿಸಿದರು. ಅದೂ ನಿಯಾಂಡರ್ತಾಲರದೇ, ಆದರೆ ಅದೇ ಕಾಯಿಲೆಯ ತೀವ್ರತೆಯಿಂದ ಒಂದಿಷ್ಟು ರಕ್ಷಣೆ ಕೊಡುವಂಥದ್ದು.

ನಮಸ್ಕಾರ.