ಗೋಡೆಯ ಬಿಸಿ, ಪರದೆಯ ಬಣ್ಣ

ಕೇಳುಗರಿಗೆ ನಮಸ್ಕಾರ.

ಬಿಸಿ, ತಂಪನ್ನು ಬಣ್ಣಗಳಲ್ಲಿ ತೋರಿಸುವ ಥರ್ಮಲ್ ಕ್ಯಾಮೆರಾ ಮೊದಲ ಸಲ ಕೈಗೆ ಬಂದರೆ ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಾ? ಅದನ್ನು ಮನೆಯ ಕಡೆ ತಿರುಗಿಸುತ್ತೇವೆ. ಪರದೆಯಲ್ಲಿ ಎಲ್ಲೋ ಕೆಂಪು ಕಾಣುತ್ತದೆ. ತಕ್ಷಣ "ನೋಡಿ, ಶಾಖ ಇಲ್ಲೇ ಸೋರ್ತಾ ಇದೆ" ಅಂತ ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ಆ ಬಣ್ಣ ಹಚ್ಚಿದ್ದು ಗೋಡೆಯಲ್ಲ, ಕ್ಯಾಮೆರಾ. ಎದುರಿಗೆ ಇರುವುದರಲ್ಲಿ ಹೆಚ್ಚು ಬಿಸಿ ಇರುವುದಕ್ಕೆ ಕೆಂಪು, ಹೆಚ್ಚು ತಣ್ಣಗಿರುವುದಕ್ಕೆ ನೀಲಿ ಅಂತ ಅದು ತಾನೇ ಹಂಚಿಬಿಡುತ್ತದೆ. ಇವೆರಡರ ನಡುವೆ ಇರುವುದು 2 ಡಿಗ್ರಿಯೂ ಆಗಬಹುದು, 20 ಡಿಗ್ರಿಯೂ ಆಗಬಹುದು. ಹಾಗಾಗಿ ಮೊದಲು ಪರದೆಯ ಅಂಚಿನಲ್ಲಿರುವ ಅಂಕಿ ನೋಡಿ, ಆಮೇಲೆ ಬಣ್ಣ ನೋಡಿ. ಇಷ್ಟರಿಂದ ಇಷ್ಟು ಡಿಗ್ರಿ ಅಂತ ನಾವೇ ಗೊತ್ತು ಮಾಡುವ ಅವಕಾಶ ಕ್ಯಾಮೆರಾದಲ್ಲಿದ್ದರೆ ಇನ್ನೂ ಒಳ್ಳೆಯದು. ಆಗ ಎಲ್ಲ ಕೋಣೆಗಳನ್ನೂ ಒಂದೇ ಅಳತೆಯಲ್ಲಿ ನೋಡಬಹುದು.

1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಪ್ರಿಸಂನಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ, ಕೆಂಪು ಮುಗಿದ ಮೇಲೆ, ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟರು. ಪಾದರಸ ಏರಿತು. ಇನ್‌ಫ್ರಾರೆಡ್ ಕಿರಣ ಪತ್ತೆಯಾಗಿದ್ದು ಹಾಗೆ. ಮನೆ ತಪಾಸಣೆಯ ಕ್ಯಾಮೆರಾ ಹಿಡಿಯುವುದೂ ಇದೇ ಜಾತಿಯ ಕಿರಣವನ್ನು, ಆದರೆ ಅದಕ್ಕಿಂತ ಉದ್ದದ ಅಲೆಗಳನ್ನು. ಸುಮಾರು 8ರಿಂದ 14 ಮೈಕ್ರೋಮೀಟರ್. ಗೋಡೆ, ಕುರ್ಚಿ, ನಾವು, ಎಲ್ಲರೂ ಈ ಕಿರಣ ಬಿಡುತ್ತಲೇ ಇರುತ್ತೇವೆ.

ಸಿನಿಮಾ ನೋಡಿದವರಿಗೆ ಒಂದು ಮಾತು: ಈ ಕ್ಯಾಮೆರಾ ಗೋಡೆಯ ಒಳಗೆ ನೋಡುವುದಿಲ್ಲ. ಮೇಲ್ಮೈಯನ್ನಷ್ಟೇ ನೋಡುತ್ತದೆ. ಒಳಗೆ ಇನ್ಸುಲೇಷನ್, ಅಂದರೆ ಶಾಖ ತಡೆಯುವ ಪದರ, ಇಲ್ಲದಿದ್ದರೆ ಮೇಲ್ಮೈಯ ಬಿಸಿ ಬದಲಾಗುತ್ತದೆ, ಅದರಿಂದ ನಾವು ಊಹಿಸಬೇಕು. ಕಿಟಕಿಯ ಗಾಜಿನ ಮೂಲಕವೂ ಅದಕ್ಕೆ ಆಚೆ ಏನೂ ಕಾಣದು. ಗಾಜಿನ ಮೇಲೆ ಮನುಷ್ಯಾಕಾರದ ಬಿಸಿ ಕಲೆ ಕಂಡರೆ ಗಾಬರಿ ಬೇಡ, ಅದು ನಿಮ್ಮದೇ ಪ್ರತಿಬಿಂಬ. ಹೊಳೆಯುವ ಲೋಹವಂತೂ ಪಕ್ಕಾ ಮೋಸಗಾರ. ಬಿಸಿನೀರು ಹರಿಯುವ ಉಕ್ಕಿನ ಕೊಳವೆಯೇ ತಣ್ಣಗಿದೆ ಅಂತ ತೋರಿಸೀತು. ಅದರ ಮೇಲೆ ಕಪ್ಪು ಎಲೆಕ್ಟ್ರಿಕಲ್ ಟೇಪ್ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು ಟೇಪನ್ನು ಅಳೆಯಿರಿ. ನಿಜ ಹೊರಬರುತ್ತದೆ.

ಇನ್ನು ಸಮಯ. ಒಳಗೂ ಹೊರಗೂ ಕನಿಷ್ಠ 10 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇರಬೇಕು, ಅದೂ ಕೆಲವು ಗಂಟೆಗಳಿಂದ. ಬಿಸಿಲು ಬಿದ್ದ ಗೋಡೆ ಸಂಜೆಯಾದರೂ ಬಿಸಿ ಬಿಡುವುದಿಲ್ಲ, ಅದಕ್ಕೇ ಸೂರ್ಯ ಹುಟ್ಟುವ ಮುಂಚಿನ ಹೊತ್ತು ಒಳ್ಳೆಯದು. ಹೊರಗಡೆ ಗಾಳಿ, ಮಳೆ ಇದ್ದರೆ ಚಿತ್ರ ಕೆಡುತ್ತದೆ. ನನ್ನ ಕೇಳಿದರೆ ಒಳಗಿನಿಂದ ನೋಡುವುದೇ ಜಾಸ್ತಿ ನಂಬಿಕಸ್ತ. ಎಸಿ ಹಾಕಿದ ಮನೆಯಲ್ಲಿ ಲೆಕ್ಕ ತಿರುಗಾಮುರುಗಾ. ಅಲ್ಲಿ ಬಿಸಿ ಹೊರಗಿನಿಂದ ಒಳಗೆ ನುಗ್ಗುತ್ತದೆ, ಅಷ್ಟೇ ವ್ಯತ್ಯಾಸ.

ಈಗ ಅಸಲು ವಿಷಯ. ಬಣ್ಣಕ್ಕಿಂತ ಆಕಾರವನ್ನು ಓದಬೇಕು. ಚಳಿಯಲ್ಲಿ, ಮನೆಯನ್ನು ಬೆಚ್ಚಗಿಟ್ಟು, ಒಳಗಿನಿಂದ ನೋಡುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಗೋಡೆಯಲ್ಲಿ ಗೆರೆ ಎಳೆದಂತೆ ಅಂಚಿರುವ, ಚೌಕಾಕಾರದ ತಣ್ಣನೆ ಭಾಗ ಕಂಡರೆ ಅಲ್ಲಿ ಇನ್ಸುಲೇಷನ್ ಹಾಕಿಲ್ಲ, ಇಲ್ಲವೇ ಕುಸಿದಿದೆ. ಒಂದೇ ಅಂತರದಲ್ಲಿ ನೆಟ್ಟಗೆ ನಿಂತ ಗೆರೆಗಳಾದರೆ ಅವು ಗೋಡೆಯ ಒಳಗಿನ ಮರದ ಅಥವಾ ಲೋಹದ ಕಂಬಗಳು. ಬಾಲ್ಕನಿಯ ಕಾಂಕ್ರೀಟು ಒಳಗಿನ ನೆಲದ ಜೊತೆ ಒಂದೇ ತುಂಡಾಗಿದ್ದರೆ ನೆಲದ ಅಂಚಿನಲ್ಲಿ ತಣ್ಣನೆ ಪಟ್ಟಿ ಕಾಣುತ್ತದೆ. ಶಾಖಕ್ಕೆ ಅದು ಹೊರಗೆ ಹೋಗುವ ದಾರಿ. ಕೋಣೆಯ ಮೂಲೆಗಳು ಮಾತ್ರ ಯಾವಾಗಲೂ ಸ್ವಲ್ಪ ತಣ್ಣಗೇ ಇರುತ್ತವೆ, ಅದಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಗಾಳಿ ಸೋರುವ ಜಾಗವೇ ಬೇರೆ ಥರ. ಕಿಟಕಿಯ ಚೌಕಟ್ಟು, ಸ್ವಿಚ್ ಬೋರ್ಡು, ಗೋಡೆ ನೆಲಕ್ಕೆ ಸೇರುವ ಕಡೆಯಿಂದ ಹಕ್ಕಿಯ ಗರಿಯಂತೆ ಅಂಚು ಚೆದುರಿದ ತಣ್ಣನೆ ಎಳೆಗಳು ಹೊರಡುತ್ತವೆ. ತೇವ ಇನ್ನೊಂದು ಬಗೆ. ನೀರು ಆರುತ್ತಾ ಮೇಲ್ಮೈಯನ್ನು ತಂಪು ಮಾಡುವುದರಿಂದ ಅಲ್ಲಿ ಆಕಾರವಿಲ್ಲದ ತಣ್ಣನೆ ಕಲೆ ಬೀಳುತ್ತದೆ. ಇದನ್ನು ಕ್ಯಾಮೆರಾ ನಂಬಿ ತೀರ್ಮಾನಿಸಬೇಡಿ, ತೇವ ಅಳೆಯುವ ಮೀಟರ್ ಒತ್ತಿ ನೋಡಿ.

ಅನುಮಾನ ಉಳಿದರೆ ಪರಿಣತರು ಬ್ಲೋವರ್ ಡೋರ್ ಪರೀಕ್ಷೆ ಮಾಡುತ್ತಾರೆ. ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ ಒಳಗಿನ ಗಾಳಿ ಎಳೆದು, ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ತರುತ್ತಾರೆ. ಆಗ ಬಿರುಕುಗಳಿಂದ ಹೊರಗಿನ ಗಾಳಿ ನುಗ್ಗುತ್ತದೆ. ಫ್ಯಾನ್ ಹಾಕುವ ಮೊದಲು ಒಂದು ಚಿತ್ರ, ಆಮೇಲೆ ಒಂದು ಚಿತ್ರ. ಕಲೆ ಹಾಗೇ ಇದ್ದರೆ ಇನ್ಸುಲೇಷನ್ ಕಡೆ ನೋಡಬೇಕು. ಹೊಸ ಎಳೆಗಳು ಹುಟ್ಟಿದರೆ ಅಲ್ಲಿ ಗಾಳಿ ಸೋರುತ್ತಿದೆ. ಅಂದ ಹಾಗೆ, ಸೌದೆ ಒಲೆ ಉರಿಯುತ್ತಿದ್ದರೆ ಫ್ಯಾನ್ ಹಾಕುವ ಮುಂಚೆಯೇ ಪೂರ್ತಿ ಆರಿಸಿರಬೇಕು. ಇಲ್ಲದಿದ್ದರೆ ಹೊಗೆಯೆಲ್ಲ ಮನೆಯೊಳಕ್ಕೆ.

ರಿಪೇರಿಯನ್ನು ಗಾಳಿ ಸೋರುವ ಕಡೆಯಿಂದಲೇ ಶುರು ಮಾಡಿ. ಸಂದು ಮುಚ್ಚುವ ಸೀಲಂಟ್, ರಬ್ಬರ್ ಪಟ್ಟಿ ಹಾಕಿದರೆ ಎಷ್ಟೋ ಕಡೆ ಕೆಲಸ ಮುಗಿಯುತ್ತದೆ. ಆದರೆ ಗ್ಯಾಸ್ ಅಥವಾ ಸೌದೆ ಉರಿಯುವ ಸಾಧನಕ್ಕೆ ಗಾಳಿ ಕೊಡುವ ಕಿಂಡಿಯನ್ನು ಮುಚ್ಚಲೇಬಾರದು. ಕೆಲಸವಾದ ಮೇಲೆ ಅಂಥದ್ದೇ ಒಂದು ಬೆಳಗಿನ ಜಾವ, ಅದೇ ಜಾಗದಲ್ಲಿ ನಿಂತು, ಅದೇ ಅಳತೆಯಲ್ಲಿ ಇನ್ನೊಂದು ಚಿತ್ರ ತೆಗೆಯಿರಿ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಸಂದು ಇನ್ನೂ ಉಳಿದಿದೆ ಅಂತ ಕಾಣುತ್ತದೆ.

ನಮಸ್ಕಾರ.